ಎಕ್ಸೆಲ್ ಹಾಳೆಗಳಿಂದ ಡೇಟಾಬೇಸಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಚೇರಿಯ ಪಟ್ಟಿಗಳನ್ನೂ ಲೆಕ್ಕಪತ್ರಗಳನ್ನೂ ಎಕ್ಸೆಲ್‌ನಿಂದ ಡೇಟಾಬೇಸಿಗೆ ಸಾಗಿಸುವ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಮತ್ತು ಸಂಸ್ಥೆಗಳ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮದು ಎರಡು ಪ್ರಾಥಮಿಕ ಶಾಲೆ, ಒಂದು ಪ್ರೌಢಶಾಲೆ ಮತ್ತು ಒಂದು ಪದವಿಪೂರ್ವ ಕಾಲೇಜು ನಡೆಸುವ ಶಿಕ್ಷಣ ಸಂಸ್ಥೆ. ವಿದ್ಯಾರ್ಥಿಗಳ ವಿವರ, ಶುಲ್ಕ, ಬಸ್ಸು, ವಿದ್ಯಾರ್ಥಿವೇತನ ಎಲ್ಲವೂ ಎಕ್ಸೆಲ್‌ನಲ್ಲಿವೆ. ಒಬ್ಬರು ಫೈಲ್ ತೆರೆದಿದ್ದರೆ ಇನ್ನೊಬ್ಬರಿಗೆ ‘ರೀಡ್ ಓನ್ಲಿ’ ಎಂದು ಬರುತ್ತದೆ. ಅವರು ಬೇರೆ ಹೆಸರಿನಲ್ಲಿ ಸೇವ್ ಮಾಡಿ ಕೆಲಸ ಮುಂದುವರಿಸುತ್ತಾರೆ. ಈ ಬಾರಿ ಬಾಕಿ ಶುಲ್ಕದ ಮೊತ್ತ ಮೂರು ಹಾಳೆಗಳಲ್ಲಿ ಮೂರು ರೀತಿ ಬಂತು. ಡೇಟಾಬೇಸ್ ಮಾಡಿಸಲು ಆಡಳಿತ ಮಂಡಳಿ ಒಪ್ಪಿದೆ. ಯಾವ ಸಾಫ್ಟ್‌ವೇರ್ ಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು?
— ಕಚೇರಿ ಅಧೀಕ್ಷಕರು, ತುಮಕೂರು ಜಿಲ್ಲೆ

ಉತ್ತರ: ಸಾಫ್ಟ್‌ವೇರ್ ಯಾವುದೆಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಬಾಕಿ ಮೊತ್ತ ಮೂರು ರೀತಿ ಬಂದದ್ದು ಎಕ್ಸೆಲ್ ಕೂಡುವುದರಲ್ಲಿ ತಪ್ಪಿದ್ದರಿಂದಲ್ಲ, ಒಂದೇ ಸಂಗತಿಯನ್ನು ನಿಮ್ಮ ಕಚೇರಿ ಮೂರು ಕಡೆ ಬರೆದಿಟ್ಟದ್ದರಿಂದ. ಒಂದು ಸಂಗತಿ ಒಂದೇ ಕಡೆ ದಾಖಲಾಗಬೇಕು, ಬೇಕಾದವರೆಲ್ಲ ಅಲ್ಲಿಂದಲೇ ಓದಿಕೊಳ್ಳಬೇಕು ಎಂಬುದೇ ಡೇಟಾಬೇಸಿನ ತಿರುಳು. ವಿದ್ಯಾರ್ಥಿಯ ವಿಳಾಸವನ್ನು ತಿದ್ದುವ ಅಧಿಕಾರ ಯಾರದು, ರಸೀದಿ ಹರಿಯುವವರು ಯಾರು, ಬಸ್ಸಿನ ಪಟ್ಟಿಗೆ ಹೊಣೆ ಯಾರು ಎಂಬುದನ್ನು ಮೊದಲು ಕಾಗದದ ಮೇಲೆ ನಿರ್ಧರಿಸಿಕೊಳ್ಳದೆ ಹೋದರೆ, ಎಷ್ಟು ದುಬಾರಿಯ ಸಾಫ್ಟ್‌ವೇರ್ ತಂದರೂ ಹಳೆಯ ಗೊಂದಲವೇ ಹೊಸ ಪರದೆಯ ಮೇಲೆ ಮುಂದುವರಿಯುತ್ತದೆ.

ಎರಡನೆಯದಾಗಿ, ಪ್ರತಿ ಹಾಳೆಯನ್ನೂ ಮುಂದಿಟ್ಟುಕೊಂಡು ‘ಇಲ್ಲಿ ಒಂದು ಸಾಲು ಎಂದರೆ ಏನು?’ ಎಂದು ಕೇಳಿಕೊಳ್ಳಿ. ನಿಮ್ಮ ಶುಲ್ಕದ ಹಾಳೆಯಲ್ಲಿ ಒಂದು ಸಾಲಿಗೆ ಒಬ್ಬ ವಿದ್ಯಾರ್ಥಿ, ಪಕ್ಕದಲ್ಲಿ ಮೊದಲ ಕಂತು, ಎರಡನೆಯ ಕಂತು, ಮೂರನೆಯ ಕಂತು ಎಂಬ ಕಾಲಂಗಳು ಇರಬಹುದು. ಹೆಚ್ಚಿನ ಶಾಲೆಗಳಲ್ಲಿ ಹೀಗೆಯೇ ಇರುತ್ತದೆ. ಪೋಷಕರೊಬ್ಬರು ಎರಡನೆಯ ಕಂತನ್ನು ದಸರೆಗೆ ಮುಂಚೆ ಐದು ಸಾವಿರ, ದೀಪಾವಳಿಯ ನಂತರ ಮೂರು ಸಾವಿರ ಎಂದು ಎರಡು ಸಲ ಕಟ್ಟಿದಾಗ ಗುಮಾಸ್ತರು ಅದೇ ಸೆಲ್‌ನಲ್ಲಿ ಎರಡನ್ನೂ ಕೂಡಿಸಿ ಎಂಟು ಸಾವಿರ ಎಂದು ಬರೆಯುತ್ತಾರೆ. ಎರಡು ದಿನಾಂಕಗಳಲ್ಲಿ ಒಂದು ಅಳಿಸಿಹೋಗುತ್ತದೆ, ಒಂದು ರಸೀದಿಯ ಸಂಖ್ಯೆಗೆ ಜಾಗವೇ ಇರುವುದಿಲ್ಲ. ಹಳೆಯ ಕಾಲದ ಲೆಕ್ಕಿಗರು ಕಿರ್ದಿಯಲ್ಲಿ ಪ್ರತಿ ಜಮೆಗೂ ಒಂದು ಸಾಲು ಬರೆದು, ಅದರಿಂದ ಖಾತೆಗೆ ಇಳಿಸುತ್ತಿದ್ದರು. ಡೇಟಾಬೇಸ್ ಬಯಸುವುದೂ ಇದನ್ನೇ. ರಸೀದಿಗಳಿಗೆ ಪ್ರತ್ಯೇಕ ಟೇಬಲ್ (ಡೇಟಾಬೇಸಿನೊಳಗಿನ ಸಾಲು-ಕಾಲಂಗಳ ಪಟ್ಟಿ) ಇರಲಿ. ಅದರ ಒಂದು ಸಾಲು ಎಂದರೆ ಒಂದು ರಸೀದಿ: ಸಂಖ್ಯೆ, ದಿನಾಂಕ, ಯಾವ ವಿದ್ಯಾರ್ಥಿ, ಮೊತ್ತ, ನಗದೋ ಯುಪಿಐಯೋ ಚೆಕ್ಕೋ, ಪಡೆದವರು ಯಾರು. ‘ಬಾಕಿ’ ಎಂಬ ಕಾಲಂ ಎಲ್ಲಿಯೂ ಬೇಡ. ಕಟ್ಟಬೇಕಾದದ್ದರಲ್ಲಿ ಕಟ್ಟಿದ್ದನ್ನು ಕಳೆದು, ಕೇಳಿದಾಗಲೆಲ್ಲ ಅದನ್ನು ಲೆಕ್ಕ ಹಾಕಿ ತೋರಿಸಿದರೆ ಸಾಕು; ಬರೆದಿಡದ ಮೊತ್ತ ಮೂರು ರೀತಿ ಆಗುವುದಿಲ್ಲ. ತಪ್ಪಾಗಿ ಹರಿದ ರಸೀದಿಯನ್ನು ತಿದ್ದುವ ಅವಕಾಶವನ್ನೂ ಕೊಡಬೇಡಿ. ಅದು ರದ್ದಾಯಿತೆಂಬ ನಮೂದು ಕಾರಣಸಹಿತ ಸೇರಲಿ, ಹೊಸ ರಸೀದಿ ಹೊಸ ಸಂಖ್ಯೆಯಲ್ಲಿ ಬರಲಿ.

ಪ್ರತಿ ವಿದ್ಯಾರ್ಥಿಗೂ ಎಂದೂ ಬದಲಾಗದ ಒಂದು ಗುರುತಿನ ಸಂಖ್ಯೆ ಬೇಕು. ಹೆಸರು ಈ ಕೆಲಸಕ್ಕೆ ಬರುವುದಿಲ್ಲ. ಒಂದೇ ತರಗತಿಯಲ್ಲಿ ಒಂದೇ ಹೆಸರಿನ, ಒಂದೇ ಇನಿಷಿಯಲ್‌ನ ಇಬ್ಬರು ಇರುವುದು ನಮ್ಮಲ್ಲಿ ಸಾಮಾನ್ಯ. ದಾಖಲಾತಿ ಸಂಖ್ಯೆಯನ್ನು ಬಳಸೋಣವೆಂದರೆ, ನಾಲ್ಕು ಸಂಸ್ಥೆಗಳ ದಾಖಲಾತಿ ಪುಸ್ತಕಗಳೂ ಒಂದರಿಂದಲೇ ಆರಂಭವಾಗಿರುವುದರಿಂದ 417 ಎಂಬ ಸಂಖ್ಯೆಯ ನಾಲ್ವರು ಸಿಗಬಹುದು. ರಾಜ್ಯ ಸರ್ಕಾರ ಶಾಲಾ ಮಕ್ಕಳಿಗೆ ಕೊಡುವ ಸ್ಯಾಟ್ಸ್ ಸಂಖ್ಯೆ ಒಳ್ಳೆಯ ಆಯ್ಕೆಯಂತೆ ಕಂಡರೂ, ಹೊರರಾಜ್ಯದಿಂದ ಬಂದ ಮಗುವಿಗೆ ಸೇರಿದ ದಿನವೇ ಅದು ಇರುವುದಿಲ್ಲ. ಆದ್ದರಿಂದ ಡೇಟಾಬೇಸ್ ತಾನೇ ಕೊಡುವ ಒಂದು ಸಂಖ್ಯೆಯನ್ನು ಮುಖ್ಯ ಗುರುತಾಗಿಸಿ, ಸಂಸ್ಥೆ ಮತ್ತು ದಾಖಲಾತಿ ಸಂಖ್ಯೆಯ ಜೋಡಿ ಎರಡನೆಯ ಸಲ ಬಾರದಂತೆ ನಿಯಮ ಹಾಕಿಸಿ, ಸ್ಯಾಟ್ಸ್ ಸಂಖ್ಯೆಗೆ ಬೇರೆ ಕಾಲಂ ಇಡಿ. ಆಧಾರ್ ಸಂಖ್ಯೆಯನ್ನಂತೂ ಗುರುತಾಗಿ ಬಳಸಲೇಬೇಡಿ. ಪೋಷಕರಿಗೆ ಇನ್ನೊಂದು ಟೇಬಲ್ ಇದ್ದರೆ, ಅಣ್ಣ ತಂಗಿಯರಿಬ್ಬರೂ ನಿಮ್ಮಲ್ಲೇ ಓದುತ್ತಿರುವಾಗ ತಂದೆಯ ಮೊಬೈಲ್ ಸಂಖ್ಯೆಯನ್ನು ಒಂದೇ ಕಡೆ ತಿದ್ದಿದರೆ ಆಯಿತು.

ಇನ್ನು ಹಳೆಯ ಹಾಳೆಗಳನ್ನು ಹಸನು ಮಾಡುವ ಕೆಲಸ. ಇಡೀ ಸಾಗಣೆಯಲ್ಲಿ ಹೆಚ್ಚು ಸಮಯ ತಿನ್ನುವುದು ಇದೇ, ಮತ್ತು ಹೊರಗಿನವರಿಗೆ ಗುತ್ತಿಗೆ ಕೊಡಲಾಗದ್ದೂ ಇದೇ. ಏಕೆಂದರೆ ಹಳದಿ ಬಣ್ಣದ ಸಾಲು ಎಂದರೆ ವಿದ್ಯಾರ್ಥಿವೇತನ ಪಡೆದವರು, ಕೆಂಪು ಎಂದರೆ ಟಿ.ಸಿ. ತೆಗೆದುಕೊಂಡು ಹೋದವರು ಎಂಬುದು ನಿಮ್ಮ ಗುಮಾಸ್ತರೊಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಹಾಳೆಯನ್ನು ಡೇಟಾಬೇಸಿಗೆ ಸಾಗಿಸಲೆಂದು ಸಿ.ಎಸ್.ವಿ. (ಬರಿಯ ಅಕ್ಷರ, ಅಂಕಿಗಳಷ್ಟೇ ಉಳಿಯುವ ಫೈಲ್) ಆಗಿ ಉಳಿಸಿದ ಕ್ಷಣ ಬಣ್ಣಗಳೂ ಸೆಲ್‌ಗೆ ಅಂಟಿಸಿದ ಟಿಪ್ಪಣಿಗಳೂ ಮಾಯವಾಗುತ್ತವೆ. ಹಾಗಾಗಿ ಬಣ್ಣದಲ್ಲಿ ಅಡಗಿರುವ ಮಾಹಿತಿಗೆ ಮೊದಲು ಒಂದು ಕಾಲಂ ಮಾಡಿ ಅಕ್ಷರದಲ್ಲಿ ಬರೆಸಿ. ಮರ್ಜ್ ಮಾಡಿದ ಸೆಲ್‌ಗಳನ್ನು ಬಿಡಿಸಿ. ‘8ನೇ ತರಗತಿ ಬಿ’ ಎಂದು ಹತ್ತಾರು ಸಾಲುಗಳಿಗೆ ಒಂದೇ ಸಲ ಬರೆದಿದ್ದರೆ ಮೊದಲ ಸಾಲಿಗೆ ಮಾತ್ರ ಅದು ದಕ್ಕಿ ಉಳಿದವು ಖಾಲಿ ಹೋಗುತ್ತವೆ. ಮೊತ್ತವನ್ನು ಬ್ಯಾಂಕಿನ ಚಲನ್‌ನಲ್ಲಿ ಬರೆಯುವಂತೆ ‘12,500/-’ ಎಂದು ಟೈಪು ಮಾಡಿದ ಸೆಲ್‌ಗಳನ್ನು ಎಕ್ಸೆಲ್ ಅಂಕಿ ಎಂದು ಭಾವಿಸದೆ ಅಕ್ಷರವೆಂದು ಭಾವಿಸುತ್ತದೆ, ಕಾಲಂನ ಮೊತ್ತ ಕೇಳಿದಾಗ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಿಮ್ಮ ಮೂರು ಮೊತ್ತಗಳ ವ್ಯತ್ಯಾಸದಲ್ಲಿ ಒಂದು ಪಾಲು ಇದರದ್ದಿರಬಹುದು. ಜೋಡಣೆಯನ್ನು ಯಾರೂ ಬದಲಿಸಿಲ್ಲದಿದ್ದರೆ ಅಂಕಿಗಳು ಸೆಲ್‌ನ ಬಲಕ್ಕೂ ಅಕ್ಷರಗಳು ಎಡಕ್ಕೂ ಅಂಟಿಕೊಳ್ಳುವುದರಿಂದ, ಎಡಕ್ಕೆ ಸರಿದಿರುವ ಮೊತ್ತಗಳನ್ನು ಕಣ್ಣಳತೆಯಲ್ಲೇ ಹಿಡಿಯಬಹುದು.

ದಿನಾಂಕಗಳು ಇದಕ್ಕಿಂತ ಮೋಸ. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ, ಏಪ್ರಿಲ್ 5 ಎಂಬ ಅರ್ಥದಲ್ಲಿ ನೀವು ಹೊಡೆದ 05/04 ಮೇ 4 ಆಗಿ ಕೂರುತ್ತದೆ. 25/04 ಎಂದು ಹೊಡೆದದ್ದು ಮಾತ್ರ, ಇಪ್ಪತ್ತೈದನೆಯ ತಿಂಗಳು ಇಲ್ಲದ ಕಾರಣ, ಬರಿಯ ಅಕ್ಷರವಾಗಿ ಉಳಿಯುತ್ತದೆ. ಅಂದರೆ ಎದ್ದು ಕಾಣುವ ದಿನಾಂಕ ಸರಿಯಾದದ್ದು, ಸರಿಯಾಗಿ ಕಾಣುವ ದಿನಾಂಕ ತಪ್ಪಾದದ್ದು. ಒಂದು ಕಾಲಂನಲ್ಲಿ ಎರಡೂ ಬೆರೆತಿದ್ದರೆ ಆ ಹಾಳೆಯನ್ನು ಮೂಲ ರಸೀದಿ ಪುಸ್ತಕದೊಂದಿಗೆ ತಾಳೆ ನೋಡದೆ ಸಾಗಿಸಬೇಡಿ. ಹುಟ್ಟಿದ ದಿನಾಂಕದಲ್ಲಿ ಈ ಅದಲುಬದಲು ಆದರೆ ಅದು ಮುಂದೆ ಅಂಕಪಟ್ಟಿಯವರೆಗೂ ಹೋಗಿ ಕೂರುತ್ತದೆ.

ಸಾಗಣೆಗೆ ಏಪ್ರಿಲ್ ಮತ್ತು ಮೇ ತಿಂಗಳೇ ಸೂಕ್ತ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿದಿರುತ್ತದೆ, ದಾಖಲಾತಿಯ ನೂಕುನುಗ್ಗಲು ಇನ್ನೂ ಜೋರಾಗಿರುವುದಿಲ್ಲ. ಹತ್ತು ವರ್ಷಗಳ ಹಾಳೆಗಳನ್ನೂ ಒಳಗೆ ತರುವ ಆಸೆ ಬೇಡ: ಈಗ ಓದುತ್ತಿರುವವರ ವಿವರ ಮತ್ತು ಅವರ ಬಾಕಿ ಬಂದರೆ ಸಾಕು, ಹಳೆಯದನ್ನು ತಿದ್ದಲಾಗದಂತೆ ಬೀಗ ಹಾಕಿ ಒಂದು ಕಡೆ ಇಡಿ. ಆಮೇಲೆ ಒಂದು ಪೂರ್ತಿ ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿ, ಪ್ರತಿ ಸಂಜೆ ಡೇಟಾಬೇಸಿನ ರಸೀದಿ ಮೊತ್ತವನ್ನು ನಗದು ಪುಸ್ತಕದೊಂದಿಗೆ ಹೋಲಿಸಿ. ಸಿಬ್ಬಂದಿಗೆ ಇದು ಇಮ್ಮಡಿ ಕೆಲಸ, ಗೊಣಗುತ್ತಾರೆ. ಗೊಣಗುವುದು ನ್ಯಾಯವೂ ಹೌದು. ಆದರೆ ಆ ತಿಂಗಳಿಗೆ ಒಂದು ಕೊನೆಯ ದಿನಾಂಕವನ್ನು ಮೊದಲೇ ಘೋಷಿಸಿ, ಆ ದಿನ ಹಳೆಯ ಫೈಲನ್ನು ನಿಜವಾಗಿಯೂ ಮುಚ್ಚಿ. ಎರಡೂ ನಡೆಯುತ್ತಲೇ ಇದ್ದರೆ ನಿಮ್ಮಲ್ಲಿ ಮೂರರ ಬದಲು ನಾಲ್ಕು ಮೊತ್ತಗಳಾಗುತ್ತವೆ.

ಈಗ ಸಾಫ್ಟ್‌ವೇರ್. ಶಾಲೆಗಳಿಗೆಂದೇ ಸಿದ್ಧವಾಗಿರುವ ಪ್ಯಾಕೇಜುಗಳಲ್ಲಿ ಒಂದು ನಿಮ್ಮ ಪದ್ಧತಿಗೆ ಹೊಂದುವಂತಿದ್ದರೆ ಅದನ್ನೇ ತೆಗೆದುಕೊಳ್ಳಿ. ಸ್ವಂತಕ್ಕೆ ಬರೆಸುವುದು ಅದು ಹೊಂದದಿದ್ದಾಗ ಮಾತ್ರ. ಬರೆಸುವುದಾದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಎರಡೂ ನಿಮ್ಮ ಅಗತ್ಯಕ್ಕಿಂತ ಎಷ್ಟೋ ದೊಡ್ಡ ಕೆಲಸವನ್ನು ಹೊರಬಲ್ಲವು, ಕೆಲಸದ ನಡುವೆ ಕರೆಂಟು ಹೋದರೂ ರಸೀದಿ ಪೂರ್ತಿ ದಾಖಲಾಗಿರುತ್ತದೆ ಅಥವಾ ದಾಖಲಾಗಿಯೇ ಇರುವುದಿಲ್ಲ, ಅರ್ಧಂಬರ್ಧವಾಗುವುದಿಲ್ಲ. ಮೈಕ್ರೋಸಾಫ್ಟ್ ಆಕ್ಸೆಸ್ ಒಂದೇ ಕೊಠಡಿಯ ಎರಡು ಮೂರು ಕಂಪ್ಯೂಟರುಗಳಿಗೆ ಸರಿ. ಅದರ ಒಂದು ಫೈಲಿಗೆ 2 ಜಿ.ಬಿ. ಮಿತಿಯಿದೆ, ನಾಲ್ಕು ಕಟ್ಟಡಗಳಿಂದ ಬಳಸಲು ಅದು ಹೇಳಿ ಮಾಡಿಸಿದ್ದಲ್ಲ. ಲೆಕ್ಕಪತ್ರಕ್ಕೆ ಟ್ಯಾಲಿ ಇದ್ದರೆ ಅದು ಹಾಗೆಯೇ ಇರಲಿ, ದಿನದ ಶುಲ್ಕದ ಒಟ್ಟು ಮೊತ್ತ ಮಾತ್ರ ಅಲ್ಲಿಗೆ ಹೋಗಲಿ. ಯಾರಿಂದ ಮಾಡಿಸಿದರೂ ಒಪ್ಪಂದದಲ್ಲಿ ಮೂರು ಮಾತುಗಳನ್ನು ಬರೆಸಿಕೊಳ್ಳಿ: ಸರ್ವರ್ ಮತ್ತು ಮುಖ್ಯ ಪಾಸ್‌ವರ್ಡ್ ಸಂಸ್ಥೆಯ ಹೆಸರಿನಲ್ಲಿರಬೇಕು, ಎಲ್ಲ ಟೇಬಲ್‌ಗಳನ್ನೂ ಬೇಕಾದಾಗ ಸಿ.ಎಸ್.ವಿ. ಆಗಿ ಇಳಿಸಿಕೊಳ್ಳುವ ಹಕ್ಕು ಇರಬೇಕು, ರಾತ್ರಿಯ ಬ್ಯಾಕಪ್‌ನ ಒಂದು ಪ್ರತಿ ಕಟ್ಟಡದ ಹೊರಗೆ ಇರಬೇಕು. ಆ ಬ್ಯಾಕಪ್‌ನಿಂದ ಬೇರೊಂದು ಕಂಪ್ಯೂಟರಿನಲ್ಲಿ ಡೇಟಾಬೇಸನ್ನು ಮತ್ತೆ ನಿಲ್ಲಿಸಿ ತೋರಿಸುವವರೆಗೆ ಕೊನೆಯ ಕಂತಿನ ಹಣ ಕೊಡಬೇಡಿ.

ನಿಮ್ಮಲ್ಲಿರುವುದು ಮಕ್ಕಳ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಆದ್ದರಿಂದ ಪದವಿಪೂರ್ವ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳೂ ಅದರಲ್ಲಿ ಸೇರುತ್ತಾರೆ. ಬಸ್ಸಿನ ಮೇಲ್ವಿಚಾರಕರಿಗೆ ಹೆಸರು, ನಿಲ್ದಾಣ, ಫೋನ್ ಕಂಡರೆ ಸಾಕು. ಜಾತಿ, ಆದಾಯದ ಕಾಲಂಗಳು ಅವರಿಗೆ ಕಾಣಬೇಕಾಗಿಲ್ಲ. ಎಕ್ಸೆಲ್ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಇಂಥ ಕತ್ತರಿ ಹಾಕಲು ಬರುವುದಿಲ್ಲ, ಡೇಟಾಬೇಸಿನಲ್ಲಿ ಬರುತ್ತದೆ.

ಪ್ರಶ್ನೆ: ನಮ್ಮ ಸಾಹಿತ್ಯ ಸಂಸ್ಥೆಯ ಆಜೀವ ಸದಸ್ಯರ ಪಟ್ಟಿ ಮತ್ತು ಗ್ರಂಥಾಲಯದ ಪುಸ್ತಕಪಟ್ಟಿ ಎರಡೂ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಎಕ್ಸೆಲ್ ಹಾಳೆಗಳಲ್ಲಿವೆ. ಡೇಟಾಬೇಸಿಗೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ದಾರಿಯೇನು?
— ಕಾರ್ಯದರ್ಶಿ, ಧಾರವಾಡ

ಉತ್ತರ: ನೀವು ಟೈಪು ಮಾಡಿದ್ದು ಯೂನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲ, ನುಡಿಯ ಹಳೆಯ ಫಾಂಟ್‌ಗಳಲ್ಲಿ. ಆ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ; ಕನ್ನಡದ ಆಕಾರ ಕೊಡುವುದು ಫಾಂಟ್ ಮಾತ್ರ. ಡೇಟಾಬೇಸಿಗೆ ಫಾಂಟ್ ಎಂಬುದೇ ಇಲ್ಲವಾದ್ದರಿಂದ ಒಳಗಿದ್ದದ್ದು ಬಯಲಾಗಿದೆ. ಯೂನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ. ಅದಕ್ಕೆ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಆದರೆ ಪರಿವರ್ತನೆಗೆ ಮುಂಚೆ, ಯಾವ ಕಾಲಂ ನುಡಿಯಲ್ಲಿದೆ, ಯಾವುದು ಇಂಗ್ಲಿಷ್‌ನಲ್ಲಿದೆ ಎಂದು ಬೇರ್ಪಡಿಸಿಕೊಳ್ಳಿ. ಪರಿವರ್ತಕಕ್ಕೆ ಇವೆರಡರ ವ್ಯತ್ಯಾಸ ತಿಳಿಯದು. ಇಮೇಲ್ ವಿಳಾಸಗಳಿರುವ ಕಾಲಂ ಅದರ ಬಾಯಿಗೆ ಸಿಕ್ಕಿದರೆ ಓದಲಾಗದ ಕನ್ನಡವಾಗಿ ಹೊರಬರುತ್ತದೆ. ಒಂದೇ ಸೆಲ್‌ನಲ್ಲಿ ಎರಡೂ ಇದ್ದರೆ ಫಾಂಟಿನ ಹೆಸರೇ ಸುಳಿವು. ಸಿ.ಎಸ್.ವಿ. ಮಾಡಿದರೆ ಆ ಸುಳಿವು ಹೋಗುವುದರಿಂದ ಈ ಕೆಲಸವನ್ನು ಎಕ್ಸೆಲ್‌ನಲ್ಲಿರುವಾಗಲೇ ಮುಗಿಸಿ. ನಂತರ ಸಿ.ಎಸ್.ವಿ. ಉಳಿಸುವಾಗ ಪಟ್ಟಿಯಲ್ಲಿ ‘ಸಿ.ಎಸ್.ವಿ. ಯುಟಿಎಫ್-8’ ಎಂಬ ಆಯ್ಕೆಯನ್ನೇ ಹಿಡಿಯಿರಿ, ಸಾಮಾನ್ಯ ಸಿ.ಎಸ್.ವಿ. ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾಡಿಬಿಡುತ್ತದೆ.

ಯೂನಿಕೋಡ್ ಆದ ಮೇಲೂ ಒಂದು ತೊಡಕು ಉಳಿದಿರುತ್ತದೆ. ‘ಸುರೇಶ್’ ಎಂದು ಹುಡುಕಿದರೆ ಕಣ್ಣೆದುರೇ ಇರುವ ಸುರೇಶ್ ಸಿಗದಿರಬಹುದು. ಅರ್ಧಾಕ್ಷರದ ನಂತರ ಕೆಲವು ತಂತ್ರಾಂಶಗಳು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತವೆ. ‘ರಾಜ್‌ಕುಮಾರ್’ ಎಂಬಲ್ಲಿ ‘ಜ್’ ಮತ್ತು ‘ಕು’ ಒತ್ತಕ್ಷರವಾಗದಂತೆ ತಡೆಯಲು ಅದು ಬೇಕೇ ಬೇಕು, ಪದದ ಕೊನೆಯಲ್ಲಿ ಅದಕ್ಕೆ ಕೆಲಸವಿಲ್ಲ. ಆದ್ದರಿಂದ ಪದಾಂತ್ಯದಲ್ಲಿರುವ ಅದನ್ನು ಮಾತ್ರ ತೆಗೆಸಿ. ಹಾಗೆಯೇ ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಎರಡರ ಜೋಡಿಯಾಗಿಯೂ ಬರೆಯಬಹುದು. ಇವನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಅದರಲ್ಲೇ ಇದೆ.

ಅಕಾರಾದಿಯ ವಿಷಯವನ್ನು ನಿಮ್ಮ ಸದಸ್ಯರು ಖಂಡಿತ ಎತ್ತುತ್ತಾರೆ. ಯೂನಿಕೋಡ್ ಸಂಕೇತಗಳ ಕ್ರಮದಲ್ಲಿ ‘ಳ’ ಅಕ್ಷರ ‘ಲ’ದ ಬೆನ್ನಿಗೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ ಬರುತ್ತದೆ. ಡೇಟಾಬೇಸಿನಲ್ಲಿ ಕನ್ನಡದ ಕೊಲೇಷನ್ (ಪದಗಳನ್ನು ಜೋಡಿಸುವ ಕ್ರಮ) ಆರಿಸಿದ ಮೇಲೆ ಅಳಿಯ, ಅವರೆ, ಅಹಿತ ಎಂಬ ಮೂರು ಪದಗಳನ್ನು ಹಾಕಿ ನೋಡಿ. ಅಳಿಯ ಕೊನೆಗೆ ಬಂದರೆ ಕ್ರಮ ಸರಿಯಾಗಿದೆ.

ಗ್ರಂಥಾಲಯದ ಭಾಗಕ್ಕೆ ಹೊಸದನ್ನು ಕಟ್ಟಿಸಬೇಡಿ. ಕೋಹಾ ಎಂಬ ಮುಕ್ತ ತಂತ್ರಾಂಶ ಇರುವುದೇ ಅದಕ್ಕಾಗಿ.

ಪ್ರಶ್ನೆ: ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದೇನೆ. ಡೇಟಾಬೇಸ್ ಬೇಕೆಂದರೆ ಮಾಲೀಕರು ‘ಇಷ್ಟು ವರ್ಷ ಎಕ್ಸೆಲ್‌ನಲ್ಲೇ ನಡೆದಿದೆಯಲ್ಲ, ಈ ಹೊಸದೆಲ್ಲ ಏಕೆ’ ಎನ್ನುತ್ತಾರೆ. ಹೇಗೆ ಒಪ್ಪಿಸಲಿ?
— ಸ್ಟೋರ್ಸ್ ಸಹಾಯಕರು, ಬೆಂಗಳೂರು

ಉತ್ತರ: ಹೊಸದು ಎಂಬ ಮಾತೇ ಸರಿಯಲ್ಲ. ಟೇಬಲ್‌ಗಳ ನಡುವಿನ ಸಂಬಂಧದ ಮೇಲೆ ನಿಂತ ಡೇಟಾಬೇಸಿನ ಕಲ್ಪನೆಯನ್ನು ಐಬಿಎಂನ ಇ. ಎಫ್. ಕಾಡ್ ಪ್ರಕಟಿಸಿದ್ದು 1970ರಲ್ಲಿ. ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ ಆದ ವಿಸಿಕ್ಯಾಲ್ಕ್ ಬಂದದ್ದು 1979ರಲ್ಲಿ, ಎಕ್ಸೆಲ್ 1985ರಲ್ಲಿ. ಸ್ಪ್ರೆಡ್‌ಶೀಟ್ ಲೆಕ್ಕ ಹಾಕಲು ಹುಟ್ಟಿದ್ದು, ದಾಖಲೆ ಕಾಯಲು ಅಲ್ಲ.

ಮಾಲೀಕರಿಗೆ ದೊಡ್ಡ ಉದಾಹರಣೆ ಬೇಕಿದ್ದರೆ ಇಂಗ್ಲೆಂಡಿನದ್ದನ್ನು ಹೇಳಬಹುದು. 2020ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಫೈಲಿಗೆ ತುಂಬುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಒಬ್ಬೊಬ್ಬ ರೋಗಿಗೆ ಹಲವು ಸಾಲುಗಳು ಬೇಕಾಗಿದ್ದರಿಂದ ಫೈಲು ಬೇಗ ತುಂಬಿತು, ಮಿಕ್ಕವು ಹೊರಗೇ ಉಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಸೋಂಕಿತರಿಗೆ ಅವರ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು.

ನಿಮ್ಮ ಸ್ಟೋರ್ಸ್‌ನಲ್ಲಿ ಅಷ್ಟು ಸಾಲುಗಳು ಇರಲಾರವು, ಆದ್ದರಿಂದ ಮಾಲೀಕರು ಇದಕ್ಕೆ ಜಗ್ಗದಿರಬಹುದು. ಹತ್ತಿರದ ಸಾಕ್ಷಿ ನಿಮ್ಮ ಹಾಳೆಯಲ್ಲೇ ಇದೆ. ಅರ್ಧ ಇಂಚಿನ ಬೋಲ್ಟ್‌ಗೆ 1/2 ಎಂದು ಹೊಡೆದರೆ ಎಕ್ಸೆಲ್ ಅದನ್ನು ಫೆಬ್ರುವರಿ 1 ಎಂದು ಮಾಡುತ್ತದೆ. 3/8 ಆಗಸ್ಟ್ 3 ಆಗುತ್ತದೆ. 00417 ಎಂಬ ಪಾರ್ಟ್ ನಂಬರಿನ ಮುಂದಿನ ಸೊನ್ನೆಗಳು ಉದುರುತ್ತವೆ. ಪೂರೈಕೆದಾರರ ಬ್ಯಾಂಕ್ ಖಾತೆ ಸಂಖ್ಯೆ 16 ಅಂಕಿಗಳದ್ದಾಗಿದ್ದರೆ, ಎಕ್ಸೆಲ್ 15 ಅಂಕಿಗಳನ್ನಷ್ಟೇ ನೆನಪಿಡುವುದರಿಂದ ಕೊನೆಯದು ಸೊನ್ನೆಯಾಗುತ್ತದೆ. ಸೆಲ್‌ಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಮಾಡಿಟ್ಟರೆ ಇವೆಲ್ಲವನ್ನೂ ತಪ್ಪಿಸಬಹುದು ಎಂಬುದು ನಿಜ. ಆದರೆ ಅದು ಪ್ರತಿ ಸಲವೂ, ಪ್ರತಿಯೊಬ್ಬರಿಗೂ ನೆನಪಿರಬೇಕು. ಡೇಟಾಬೇಸಿನಲ್ಲಿ ಕಾಲಂನ ಸ್ವರೂಪವನ್ನು ಒಮ್ಮೆ ಗೊತ್ತುಮಾಡಿದರೆ ಅದಕ್ಕೆ ಹೊಂದದ್ದನ್ನು ಅದೇ ಒಳಗೆ ಬಿಡುವುದಿಲ್ಲ. ಇಂಥ ಸಾಲುಗಳನ್ನು ನಿಮ್ಮ ಫೈಲಿನಿಂದಲೇ ಹುಡುಕಿ ಮುದ್ರಿಸಿ ಮಾಲೀಕರ ಮುಂದಿಡಿ. ಜೊತೆಗೆ, ‘ಕಳೆದ ಮಾರ್ಚ್ 31ರಂದು ಈ ಬೇರಿಂಗ್ ಎಷ್ಟಿತ್ತು, ಆಮೇಲೆ ಸ್ಟಾಕನ್ನು ತಿದ್ದಿದವರು ಯಾರು’ ಎಂಬ ಪ್ರಶ್ನೆಗೆ ಈಗಿನ ಹಾಳೆಯಿಂದ ಉತ್ತರ ತೆಗೆದುಕೊಡಲು ನಿಮಗೆ ಎಷ್ಟು ಹೊತ್ತು ಬೇಕೆಂದು ಅವರೇ ನೋಡಲಿ.

ಪ್ರಶ್ನೆ: ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಸ್ಥಳೀಯ ಸಾಫ್ಟ್‌ವೇರ್‌ನವರೊಬ್ಬರು ಕಡಿಮೆ ದರಕ್ಕೆ ಡೇಟಾಬೇಸ್ ಮಾಡಿಕೊಡುತ್ತೇವೆ ಎಂದಿದ್ದಾರೆ. ಮಾಡಿಸೋಣವೇ?
— ನಿರ್ದೇಶಕರು, ಶಿವಮೊಗ್ಗ ಜಿಲ್ಲೆ

ಉತ್ತರ: ಸದ್ಯ ಬೇಡ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ರಾಷ್ಟ್ರೀಯ ತಂತ್ರಾಂಶದಡಿ ಗಣಕೀಕರಣಗೊಳಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗಿನ ಗುರಿ 63,000 ಸಂಘಗಳು, ಅಂದಾಜು ವೆಚ್ಚ 2,516 ಕೋಟಿ ರೂಪಾಯಿ. ತಂತ್ರಾಂಶದ ಹೊಣೆ ನಬಾರ್ಡ್‌ನದು. ನಿಮ್ಮ ಸಂಘ ಅದರಲ್ಲಿ ಸೇರಿದೆಯೇ ಎಂದು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿ. ಸ್ಥಳೀಯವಾಗಿ ಬೇರೆ ಡೇಟಾಬೇಸ್ ಕಟ್ಟಿಸಿದರೆ ನಾಳೆ ಅದರಿಂದ ಮತ್ತೊಂದಕ್ಕೆ ಸಾಗಿಸುವ ಖರ್ಚೂ ನಿಮ್ಮದೇ ಆಗುತ್ತದೆ. ಅಲ್ಲಿಯವರೆಗೆ ಸದಸ್ಯರ ಪಟ್ಟಿಯಲ್ಲಿ ಎರಡೆರಡು ಸಲ ಬಂದಿರುವ ಹೆಸರುಗಳನ್ನೂ ತೀರಿಕೊಂಡವರ ಖಾತೆಗಳನ್ನೂ ಸರಿಪಡಿಸಿ ಇಟ್ಟುಕೊಳ್ಳಿ. ಯಾವ ತಂತ್ರಾಂಶ ಬಂದರೂ ಆ ಕೆಲಸ ತಪ್ಪಿದ್ದಲ್ಲ.

ಪ್ರಶ್ನೆ: ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುತ್ತೇವೆ. ಮೂವರು ಹೆಣ್ಣುಮಕ್ಕಳು. ಆರ್ಡರುಗಳನ್ನು ಗೂಗಲ್ ಶೀಟ್ಸ್‌ನಲ್ಲಿ ಬರೆದುಕೊಳ್ಳುತ್ತೇವೆ. ನಾವೂ ಬದಲಾಯಿಸಬೇಕೇ?
— ಓದುಗರು, ಉಡುಪಿ

ಉತ್ತರ: ಬೇಕಾಗಿಲ್ಲ. ಮೂವರೂ ಒಂದೇ ಹಾಳೆಯನ್ನು ಏಕಕಾಲಕ್ಕೆ ನೋಡುತ್ತೀರಿ, ಯಾರು ಯಾವಾಗ ಏನು ಬದಲಿಸಿದರೆಂದು ಅದರಲ್ಲೇ ತಿಳಿಯುತ್ತದೆ, ಒಂದು ಕೋಟಿ ಸೆಲ್‌ಗಳವರೆಗೆ ಜಾಗವಿದೆ. ಒಂದು ಆರ್ಡರಿಗೆ ಒಂದು ಸಾಲು ಸಾಲದು, ಆರ್ಡರಿನ ಪ್ರತಿ ಪದಾರ್ಥಕ್ಕೂ ಒಂದು ಸಾಲು ಇಡಿ. ಆಗ ಮಿಡಿ ಉಪ್ಪಿನಕಾಯಿ ಈ ತಿಂಗಳು ಎಷ್ಟು ಹೋಯಿತೆಂದು ತಿಳಿಯಲು ಒಂದು ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಕೂಡಿಸಿ ತೋರಿಸುವ ಸೌಲಭ್ಯ) ಸಾಕು. ಪದಾರ್ಥದ ಹೆಸರನ್ನು ಟೈಪು ಮಾಡುವ ಬದಲು ಡ್ರಾಪ್‌ಡೌನ್ ಪಟ್ಟಿಯಿಂದ ಆರಿಸುವಂತೆ ಮಾಡಿಕೊಳ್ಳಿ. ಅಂಗಡಿಗಳಿಗೆ ಸಾಲದ ಮೇಲೆ ಮಾಲು ಕೊಡಲು ಆರಂಭಿಸಿ, ಯಾರಿಂದ ಎಷ್ಟು ಬರಬೇಕೆಂದು ಹುಡುಕುವುದೇ ಪ್ರತಿ ವಾರದ ಕೆಲಸವಾದಾಗ ಮತ್ತೆ ಬರೆಯಿರಿ.